ಕರೆಂಟು ಹೋದರೂ ಹೋಗದ ಬಿಲ್ಲು

ಕಂಪ್ಯೂಟರು ಆನ್ ಆಗದೆ ಇರಬಹುದಿತ್ತು. ಆನ್ ಆಗಿ, ನಾನು ಬರೆದ ಪ್ರೋಗ್ರಾಮು ಮಾತ್ರ ತೆರೆದುಕೊಳ್ಳದೆ ಇರಬಹುದಿತ್ತು. ತೆರೆದುಕೊಂಡ ಮೇಲೆ ಯಾರದಾದರೂ ಮಗು ಕೀಬೋರ್ಡಿನ ಮೇಲೆ ತೀರ್ಥ ಚೆಲ್ಲಬಹುದಿತ್ತು. ಮೇನ್ ಸ್ವಿಚ್ಚು ಇಳಿಸಬೇಕಾದ ಸಹೋದ್ಯೋಗಿ ಸರಿಯಾಗಿ ಆ ಹೊತ್ತಿಗೇ ಬಚ್ಚಲಿಗೆ ಹೋಗಿರಬಹುದಿತ್ತು. ಅಥವಾ ನಾನು ಸುಮ್ಮನೆ ಮೂಗು ಒರೆಸಿಕೊಂಡದ್ದನ್ನೇ ಸನ್ನೆ ಎಂದುಕೊಂಡು ಮೊದಲೇ ಇಳಿಸಿಬಿಡಬಹುದಿತ್ತು. ಇಳಿಸಿದ ಸ್ವಿಚ್ಚು ಮತ್ತೆ ಏರದೆ, ಯೋಗ ಕಲಿಯಲು ಬಂದು ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ವಿದೇಶಿಯರ ಫ್ಯಾನೂ ನಿಂತು, ಅವರು ಚಾಪೆ ಸಮೇತ ಮೇಲೆ ಬಂದುಬಿಡಬಹುದಿತ್ತು. ನನ್ನ ಗಂಟಲು ಕಟ್ಟಬಹುದಿತ್ತು. ಪ್ಯಾಂಟಿನ ಜಿಪ್ಪಿನ ವಿಷಯವನ್ನು ಮನೆ ಬಿಡುವಾಗ ಖಾತ್ರಿ ಮಾಡಿಕೊಂಡಿದ್ದೆ, ಆಫೀಸಿನ ಗೇಟಿನ ಹತ್ತಿರ ಮತ್ತೊಮ್ಮೆ ಮಾಡಿಕೊಂಡೆ. ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲವೂ ಸುಸೂತ್ರವಾಗಿ ನಡೆದ ಮೇಲೂ, ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ನನ್ನ ಮಾವ "ಇಷ್ಟೇನಾ?" ಅನ್ನಬಹುದಿತ್ತು.

ಆ ಶತಮಾನ ಮುಗಿದು ಈ ಶತಮಾನ ಶುರುವಾಗಿದ್ದ ಹೊಸತು. ಮೈಸೂರಿನ ಗೋಕುಲಂನ ಒಂದು ಮನೆಯ ಮೇಲಿನ ಅಂತಸ್ತಿನಲ್ಲಿ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿ. ಕಾರಿಡಾರಿನಲ್ಲಿ ನಿಂತು ಕೂಗಿದರೆ ಇಡೀ ಸಂಸ್ಥೆಗೆ ಕೇಳಿಸುತ್ತಿತ್ತು. ಔಷಧದಂಗಡಿ, ಬಟ್ಟೆಯಂಗಡಿ, ಗ್ಯಾಸ್ ಏಜೆನ್ಸಿಗಳಿಗೆ ಬಿಲ್ಲು ಮಾಡುವ ಪ್ರೋಗ್ರಾಮು ಬರೆದುಕೊಡುವುದು ನಮ್ಮ ಕೆಲಸ. ನಮ್ಮ ಯಜಮಾನರು ಆಯುಧಪೂಜೆಗೆ ಒಂದು ಪದ್ಧತಿ ಹಾಕಿಕೊಂಡಿದ್ದರು. ಅವತ್ತು ಎಲ್ಲರೂ ಮನೆಯವರನ್ನು ಕರೆದುಕೊಂಡು ಬರಬೇಕು. ಒಬ್ಬೊಬ್ಬರೂ ಎದ್ದು ನಿಂತು, ಆ ವರ್ಷ ತಮಗೆ ಹೆಮ್ಮೆ ಅನಿಸಿದ ಎರಡು ವಿಷಯ ಹೇಳಬೇಕು: ಆಫೀಸಿನದು ಒಂದು, ಮನೆಯದು ಒಂದು. ಆಫೀಸಿನದನ್ನು ಕಂಪ್ಯೂಟರಿನಲ್ಲಿ ತೋರಿಸಬೇಕು. ಆಮೇಲೆ ಪೂಜೆ, ಪುಳಿಯೋಗರೆ.

ನಾನು ಪ್ರತಿವರ್ಷ ಪುಳಿಯೋಗರೆಯ ಉಸ್ತುವಾರಿ ವಹಿಸಿಕೊಂಡು ತಪ್ಪಿಸಿಕೊಳ್ಳುತ್ತಿದ್ದೆ. ನನ್ನ ಹೆಮ್ಮೆಯ ತೊಂದರೆಯೇ ಅದು. ನಾನು ಮಾಡಿದ್ದೆಲ್ಲ ಏನೋ ಒಂದು ಆಗದ ಹಾಗೆ ನೋಡಿಕೊಂಡದ್ದು. ಆಗದೇ ಇದ್ದದ್ದನ್ನು ಯಾರಿಗೆ, ಹೇಗೆ ತೋರಿಸುವುದು?

ಆ ವರ್ಷ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಾವನದು ಪೇಟೆಯಲ್ಲಿ ತಲೆಮಾರಿನಿಂದ ಬಂದ ಬಟ್ಟೆ ಅಂಗಡಿ. ಒಬ್ಬಳೇ ಮಗಳು, ಅಳಿಯ ಅಂಗಡಿಯಲ್ಲಿ ಕೂರಲಿ ಎಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. ನಾನು ಕಾಲೇಜೊಂದರ ಖಾಯಂ ಕೆಲಸ ಬಿಟ್ಟು ಈ ಕಂಪನಿ ಸೇರಿದಾಗ ಅದು ಆಸೆಯಿಂದ ಬೇಡಿಕೆಯಾಗಿ, ಆ ವರ್ಷ ಬೇಡಿಕೆಯಿಂದ ಗಡುವಾಗಿತ್ತು.

"ನೋಡಿ ಅಳಿಯಂದ್ರೇ, ಆಯುಧಪೂಜೆ ಬರ್ಲಿ. ನಾನೇ ಬಂದು ನೋಡ್ತೀನಿ, ಅದೇನು ಕೆಲ್ಸ ಅಂತ. ನನಗೆ ಅರ್ಥ ಆದ್ರೆ ಸರಿ. ಆಗ್ಲಿಲ್ಲ ಅಂದ್ರೆ ಬಂದು ಅಂಗಡಿ ಗಲ್ಲಾಪೆಟ್ಟಿಗೆ ಹತ್ರ ಕೂತ್ಕೊಂಡ್ಬುಡಿ."

ಇಲ್ಲ ಎನ್ನುವ ಧೈರ್ಯ ನನಗೆ ಇರಲಿಲ್ಲ. ಕಿಟಕಿಯ ಪಕ್ಕದ ನನ್ನ ಮೇಜು, ಆ ಮೇಜಿನಲ್ಲಿ ಕೂತು ಕೆಡಬಹುದಾದ್ದನ್ನೆಲ್ಲ ನಿಧಾನವಾಗಿ ಊಹಿಸುವ ಸುಖ, ಇವನ್ನು ಬಿಟ್ಟು ಬದುಕುವುದು ಹೇಗೆಂದೂ ಗೊತ್ತಿರಲಿಲ್ಲ. ಹೆಂಡತಿ ಮಾತ್ರ ನಿರಾಳವಾಗಿದ್ದಳು. "ಅಪ್ಪ ಬರ್ಲಿ ಬಿಡಿ. ಮನೇದು ಏನು ಹೇಳ್ತೀರಿ?" ಎಂದು ಕೇಳಿದಳು. "ಅಲ್ಲೇ ಕೇಳಿಸ್ಕೋ" ಎಂದೆ. ಅದು ಸಿದ್ಧವಾಗಿತ್ತು. ಇಷ್ಟು ವರ್ಷದಲ್ಲಿ ನನ್ನ ಒಂದು ಆತಂಕವನ್ನೂ ಅವಳಿಗೆ ಅಂಟಿಸದೆ ಉಳಿಸಿಕೊಂಡಿದ್ದೇನೆ, ನಮ್ಮ ಮನೆಯಲ್ಲಿ ಒಬ್ಬರಾದರೂ ತಲೆ ದಿಂಬಿಗೆ ತಾಗಿದೊಡನೆ ನಿದ್ದೆ ಹೋಗುತ್ತಾರೆ, ನನಗೆ ಅದೇ ದೊಡ್ಡ ಹೆಮ್ಮೆ, ಎಂದು ಹೇಳುವವನಿದ್ದೆ. ಬಚ್ಚಲ ಕನ್ನಡಿಯ ಮುಂದೆ ಅಭ್ಯಾಸವೂ ಆಗಿತ್ತು.

ಆಫೀಸಿನದೂ ಸಿದ್ಧವಾಗಿತ್ತು. ನಮ್ಮ ಕಡೆ ಬಿಲ್ಲು ಟೈಪು ಮಾಡುತ್ತಿರುವಾಗಲೇ ಕರೆಂಟು ಹೋಗುವುದು ಮಾಮೂಲು. ಅರ್ಧ ಮಾಡಿದ್ದ ಬಿಲ್ಲು ಅದರ ಜೊತೆಗೇ ಹೋಗುತ್ತಿತ್ತು. ಎಲ್ಲ ಅಂಗಡಿಗಳಲ್ಲೂ ಯುಪಿಎಸ್ ಇರುತ್ತಿರಲಿಲ್ಲ, ಇದ್ದ ಕಡೆ ಅದರ ಬ್ಯಾಟರಿಗೆ ಜೀವ ಇರುತ್ತಿರಲಿಲ್ಲ. ನಾನು ಒಂದೊಂದು ಸಾಲಿಗೂ ಬಿಲ್ಲು ತಾನಾಗಿ ಉಳಿದುಕೊಳ್ಳುವಂತೆ ಬರೆದಿದ್ದೆ. "ನಿಮ್ಮ ಪ್ರೋಗ್ರಾಮು ಸೀನಿದ್ರೂ ಸೇವ್ ಮಾಡುತ್ತಲ್ರೀ" ಎಂದು ಆಫೀಸಿನಲ್ಲಿ ತಮಾಷೆ ನಡೆಯುತ್ತಿತ್ತು. ಆದರೆ ದಸರೆಯ ದೀಪಾಲಂಕಾರದ ದಿನಗಳಲ್ಲಿ ಮೈಸೂರಿನಲ್ಲಿ ಕರೆಂಟು ಹೋಗುವುದೇ ಇಲ್ಲ. ಅದಕ್ಕೇ ನಾನು ಸನ್ನೆ ಮಾಡಿದಾಗ ಸಹೋದ್ಯೋಗಿ ಮೇನ್ ಸ್ವಿಚ್ಚು ಇಳಿಸುವ ಏರ್ಪಾಡು. ಫ್ಯಾನು ನಿಲ್ಲಬೇಕು, ಎಲ್ಲರೂ "ಅಯ್ಯೋ" ಅನ್ನಬೇಕು, ಮತ್ತೆ ಆನ್ ಮಾಡಿದರೆ ಬಿಲ್ಲು ಇದ್ದಲ್ಲೇ ಇರಬೇಕು.

ಪುರೋಹಿತರು ಬೇಗ ಬಂದುಬಿಡುವ ಸಾಧ್ಯತೆಯನ್ನು ನಾನು ಊಹಿಸಿಯೇ ಇರಲಿಲ್ಲ. ಆಯುಧಪೂಜೆಯ ದಿನ ಯಾವ ಪುರೋಹಿತರು ಬೇಗ ಬರುತ್ತಾರೆ? ಅವತ್ತು ಬಂದರು. ಇನ್ನೂ ನಾಲ್ಕಾರು ಕಡೆ ಹೋಗಬೇಕು ಎಂದು ಅವಸರಪಡಿಸಿ, ನಾವು ಇನ್ನೂ ಕುರ್ಚಿ ಜೋಡಿಸುತ್ತಿರುವಾಗಲೇ ಪೂಜೆ ಮುಗಿಸಿದರು. ಮಾನಿಟರುಗಳಿಗೆ ಗಂಧ, ಕುಂಕುಮ, ಚೆಂಡುಹೂವು. ಮೇನ್ ಸ್ವಿಚ್ಚಿನ ಪೆಟ್ಟಿಗೆಗೂ ಒಂದು ಸೇವಂತಿಗೆ.

ನನ್ನ ಸರದಿ ಮೊದಲು. ಕಂಪ್ಯೂಟರಿನ ಗುಂಡಿಗೆ ಕೈ ಚಾಚಿದೆ.

"ಹಾಂ ಹಾಂ! ಮುಟ್ಬೇಡಿ!" ಎಂದರು ಮಾವ. ಹಣೆಯ ವಿಭೂತಿ ಹುಬ್ಬಿನ ಜೊತೆ ಮೇಲೇರಿತ್ತು. "ಪೂಜೆ ಮಾಡಿದ್ ಆಯುಧ ಇವತ್ತು ಮುಟ್ತಾರೇನ್ರೀ? ನಾಳೆ ವಿಜಯದಶಮಿಗೆ ತೆಗೀಬೇಕು. ನನ್ನ ಅಂಗಡೀಲಿ ಕತ್ರಿ, ಗಜಕೋಲು ಹಂಗೇ ಮಲಗಿವೆ."

"ಅಪ್ಪ, ನೀವು ಬಂದಿದ್ದು ಪೂಜೆ ಆಗಿರೋ ಸ್ಕೂಟರ್ ಮೇಲೇ ಅಲ್ವಾ?" ಎಂದಳು ನನ್ನ ಹೆಂಡತಿ ಹಿಂದಿನಿಂದ.

"ಅದು ಬೇರೆ ಕಣಮ್ಮ. ಅದು ವಾಹನ."

ಯಜಮಾನರು ತಲೆ ಕೆರೆದುಕೊಂಡು, ಹಿರಿಯರು ಹೇಳಿದ ಮೇಲೆ ಮುಗಿಯಿತು, ಈ ಸಲ ಬಾಯಲ್ಲೇ ಹೇಳಿಬಿಡಿ, ಎಂದು ತೀರ್ಮಾನ ಕೊಟ್ಟರು. ವಾರದಿಂದ ಜೋಪಾನ ಮಾಡಿಕೊಂಡು ಬಂದಿದ್ದ ನನ್ನ ಆತಂಕಗಳೆಲ್ಲ ಒಮ್ಮೆಲೇ ನಿರುದ್ಯೋಗಿಗಳಾದವು. "ಸ್ವಲ್ಪ ಹೊತ್ತು ಬೇಕು" ಎಂದು ಕೂತುಬಿಟ್ಟೆ.

ಉಳಿದವರು ಹೇಳಿದರು. ಬೋಗಾದಿಯ ಒಕ್ಕಲು ಮನೆತನದ ಹುಡುಗಿ, ನಮ್ಮಲ್ಲಿ ಎಲ್ಲರಿಗಿಂತ ಚುರುಕು. ಮೊದಲು ಅರ್ಧ ಗಂಟೆ ಕಾಯಿಸುತ್ತಿದ್ದ ಸ್ಟಾಕಿನ ವರದಿ ಈಗ ಕಾಫಿ ಆರುವ ಮೊದಲೇ ಬರುತ್ತದೆ ಎಂದಳು. ಮನೆಯದು: ಟ್ರ್ಯಾಕ್ಟರನ್ನು ರಿವರ್ಸಿನಲ್ಲಿ ಕೊಟ್ಟಿಗೆಗೆ ಹಾಕಿದ್ದು, ಗೋಡೆಗೆ ತಾಗಿಸದೆ. ಟ್ರ್ಯಾಕ್ಟರಿಗೆ ಬಿದ್ದ ಚಪ್ಪಾಳೆಯ ಕಾಲುಭಾಗವೂ ವರದಿಗೆ ಬೀಳಲಿಲ್ಲ. ಮೇನ್ ಸ್ವಿಚ್ಚಿನ ಸಹೋದ್ಯೋಗಿ, ಈ ವರ್ಷ ತಾನು ಬರೆದದ್ದಕ್ಕಿಂತ ಅಳಿಸಿದ ಕೋಡೇ ಹೆಚ್ಚು, ಆದರೂ ಪ್ರೋಗ್ರಾಮು ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ ಎಂದ. ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. ಅವನ ತಾಯಿ ಪಕ್ಕದವರತ್ತ ಬಾಗಿ, "ಅಳಿಸಿದ್ದಕ್ಕೂ ಸಂಬಳ ಕೊಡ್ತಾರೇನ್ರಮ್ಮ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಕೊನೆಗೆ ನಾನು ಎದ್ದೆ. ಮಾವನನ್ನು ನೋಡದೆ, ಗೋಡೆಯ ಗಡಿಯಾರಕ್ಕೆ ಹೇಳಿದೆ: "ಬಿಲ್ಲು ಮಾಡ್ತಾ ಇರುವಾಗ ಕರೆಂಟು ಹೋಗುತ್ತೆ. ಬಿಲ್ಲು ಹೋಗಲ್ಲ. ಕರೆಂಟು ಬಂದ್ಮೇಲೆ ನಿಂತಲ್ಲಿಂದ ಮುಂದುವರಿಸಬಹುದು. ಅಷ್ಟೇ."

ಪುಳಿಯೋಗರೆಯ ಪಾತ್ರೆಯ ಮುಚ್ಚಳ ಯಾರೋ ಸರಿಸಿದ ಸದ್ದು.

"ಕರೆಂಟು ಬರೋವರ್ಗೂ ಗಿರಾಕಿ ಕಾಯ್ತಾನೇನ್ರೀ?" ಎಂದರು ಮಾವ. "ಎದ್ದು ಹೋಗ್ಬುಟ್ರೆ?"

"ಬಿಲ್ಲು ಹಾಗೇ ಇರುತ್ತೆ ಮಾವ. ನಾವೇ ರದ್ದು ಮಾಡ್ಬೇಕು."

"ಗಲಾಟೇಲಿ ರದ್ದು ಮಾಡೋದು ಮರೆತ್ರೆ?"

"ಅಂಗಡಿ ಮುಚ್ಚೋ ಮುಂಚೆ ಅದೇ ಕೇಳುತ್ತೆ. ಈ ಬಿಲ್ಲು ಅರ್ಧಕ್ಕೆ ನಿಂತಿದೆ, ಏನು ಮಾಡ್ಲಿ ಅಂತ."

"ನಾನು ಅದನ್ನ ನೋಡ್ದೆ ಮುಚ್ಕೊಂಡು ಹೋದ್ರೆ?"

"ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಮತ್ತೆ ಕೇಳುತ್ತೆ."

ಮಾವ ಕುರ್ಚಿಯಲ್ಲಿ ಮುಂದಕ್ಕೆ ಸರಿದಿದ್ದರು. ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ರಸ್ತೆಯ ತಿರುವಿನ ತನಕ ಹೋಗಿ, ವಾಪಸು ಬಂದು ಮತ್ತೆ ಜಗ್ಗುವವರು ಅವರು. ಈ ಸಂಗತಿ ನನಗೆ ಗೊತ್ತಿತ್ತು, ಅದರ ಅರ್ಥ ಹೊಳೆದದ್ದು ಮಾತ್ರ ಆಗ. ಇನ್ನೂ ಕೇಳಿದರು: ಎರಡು ಸಲ ಕರೆಂಟು ಹೋದರೆ? ಬಿಲ್ಲು ಅಚ್ಚಾಗುವ ನಡುವೆಯೇ ಹೋದರೆ? ಅವರು ಕೇಳಿದ್ದರಲ್ಲಿ ನಾನು ಮೊದಲೇ ಹೆದರಿರದ ಪ್ರಶ್ನೆ ಒಂದೂ ಇರಲಿಲ್ಲ. ಇಷ್ಟು ಸಲೀಸಾಗಿ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ.

"ಆಯ್ತು, ಅರ್ಥ ಆಯ್ತು" ಎಂದು ಅವರು ಹಿಂದಕ್ಕೆ ಒರಗಿದರು. "ಹಬ್ಬ ಆದ್ಮೇಲೆ ಇದನ್ನ ಅಂಗಡೀಗೆ ಹಾಕ್ಕೊಡಿ. ನೀವು ಬರೋದು ಬೇಡ."

"ಯಾಕ್ ಮಾವ?"

"ನಾನೊಬ್ನೇ ಬೀಗ ಜಗ್ಗೋದಕ್ಕೇ ಹೊತ್ತಾಗುತ್ತೆ. ಇಬ್ರೂ ಸೇರಿ ಜಗ್ತಾ ನಿಂತ್ರೆ ಮನೆ ಸೇರೋದು ಯಾವಾಗ?"

ಎಲ್ಲರೂ ನಕ್ಕರು, ಚಪ್ಪಾಳೆಯೂ ಬಿತ್ತು. ಯಜಮಾನರು ಎದ್ದು ಕೈ ಕುಲುಕಿದರು. ಯಾರೋ ನನ್ನ ಕೈಗೆ ಪುಳಿಯೋಗರೆಯ ಎಲೆ ಕೊಟ್ಟರು, ನಾನು ಕೂತು ಉಂಡೆ. ಅಷ್ಟು ರುಚಿಯಾಗಿ ಆಫೀಸಿನಲ್ಲಿ ಎಂದೂ ಉಂಡಿರಲಿಲ್ಲ.

ಸಂಜೆ ನಾನೂ ಹೆಂಡತಿಯೂ ಹಿನಕಲ್ಲಿನ ನಮ್ಮ ಮನೆಗೆ ನಮ್ಮ ಸ್ಕೂಟರಿನಲ್ಲಿ ಹೊರಟೆವು. ಹ್ಯಾಂಡಲಿಗೆ ಕಟ್ಟಿದ್ದ ಹೂವಿನ ಹಾರ ಗಾಳಿಗೆ ಮೊಣಕೈ ಸವರುತ್ತಿತ್ತು. ಕೆಡಬಹುದಾದ್ದರಲ್ಲಿ ಒಂದೂ ಕೆಟ್ಟಿರಲಿಲ್ಲ. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ಕೂತಿದ್ದವಳು ನನ್ನ ಭುಜ ತಟ್ಟಿದಳು.

"ರೀ, ಮನೇದು ಏನೋ ಹೇಳ್ತೀನಿ ಅಂದಿದ್ರಿ."

ಬಚ್ಚಲ ಕನ್ನಡಿ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಬಾಳೆಕಂದು ಕಟ್ಟಿಕೊಂಡ ಲಾರಿಯೊಂದು ಗುರುಗುಟ್ಟುತ್ತಿತ್ತು.

"ಮನೆಗೆ ಹೋಗಿ ಹೇಳ್ತೀನಿ" ಎಂದೆ.

"ಮನೇಲಿ ಹೇಳೋದಾಗಿದ್ರೆ," ಎಂದಳು ಅವಳು, "ನಾನ್ಯಾಕೆ ಈ ರೇಷ್ಮೆ ಸೀರೆ ಉಟ್ಕೊಂಡು ಅಲ್ಲೀವರ್ಗೂ ಬರ್ಬೇಕಿತ್ತು?"