ರಾಣಿ ರೂಪಾಯಿಗೆ ಬಂದ ಎರಡು ತೀರ್ಪು

ನನ್ನ ಅತ್ತಿಗೆ ಗೌರಮ್ಮ ತಮ್ಮ ತವರಿನ ಬೆಳ್ಳಿ ರೂಪಾಯಿಯನ್ನು ತಿಕ್ಕಿ ತೊಳೆದು ಕೆಡಿಸಿದರು ಎಂದು ನಮ್ಮ ಬಳಗವೆಲ್ಲ ನಂಬಿತು. ಅವರು ಕೆಡಿಸಲಿಲ್ಲ. ಕೆಡಿಸಿದರೆಂದು ಹೇಳಿದವನು ನಾನು. ಕೆಟ್ಟಿಲ್ಲವೆಂದು ಗೊತ್ತಿದ್ದವನೂ ನಾನೇ. ಇಷ್ಟನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು — ಹೇಡಿತನಕ್ಕೂ ಒಂದು ಶಿಸ್ತು ಬೇಕು, ಅದು ನನ್ನಲ್ಲಿ ಧಾರಾಳವಾಗಿತ್ತು.

ಕೊಟ್ಟೂರಿನಲ್ಲಿ ನನ್ನದು ಪಾತ್ರೆ ಅಂಗಡಿ. ಹೊಟ್ಟೆಪಾಡಿಗೆ ಸ್ಟೀಲು, ಘನತೆಗೆ ಹಳೆಯ ನಾಣ್ಯ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ನಾಣ್ಯದ ಹುಚ್ಚಿನವರು ಬಂದು, ಕೊಡಪಾನಗಳ ನಡುವೆ ಸ್ಟೂಲಿನ ಮೇಲೆ ಕೂತು, ಕರವಸ್ತ್ರದ ಗಂಟು ಬಿಚ್ಚುತ್ತಿದ್ದರು. ನಾನು ಮಸೂರವನ್ನು ಕಣ್ಣಿಗೇರಿಸಿ, ಹೈಕೋರ್ಟಿನ ನ್ಯಾಯಮೂರ್ತಿಯಂತೆ ಗಂಟಲು ಸರಿಪಡಿಸಿಕೊಂಡು ತೀರ್ಪು ಕೊಡುತ್ತಿದ್ದೆ. ಆಮೇಲೆ ದೊಡ್ಡ ಶಹರಗಳಲ್ಲಿ ನಾಣ್ಯಕ್ಕೆ ದರ್ಜೆ ಹಾಕುವ ಕಂಪನಿಗಳು ಬಂದವು. ನಾಣ್ಯ ಕಳಿಸಿದರೆ ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಸೀಲು ಮಾಡಿ ವಾಪಸು ಕಳಿಸುತ್ತಾರೆ. ನೂರಕ್ಕೆ ಯಾಕಲ್ಲ, ಎಪ್ಪತ್ತಕ್ಕೇ ಯಾಕೆ ಎಂದು ನಾನು ಕೇಳಲಿಲ್ಲ. ಅರ್ಥವಾಗದ್ದರ ಮುಂದೆ ಕೈಮುಗಿಯುವುದು ನನಗೆ ಮೊದಲಿನಿಂದ ಅಭ್ಯಾಸ. ಯಾರಾದರೂ ತಿಕ್ಕಿ ತೊಳೆದ ನಾಣ್ಯವಾದರೆ ಅಂಕವೇ ಇಲ್ಲ. ‘ತೊಳೆದದ್ದು’ ಎಂಬ ಷರಾ ಮಾತ್ರ. ನಾಣ್ಯದವರಲ್ಲಿ ಅದು ಸಾವಿನ ಸುದ್ದಿಗೆ ಸಮ.

“ಡಬ್ಬಿ ಹೇಳಿದ ಮ್ಯಾಲೆ ಮುಗೀತ್ರಿ, ನಮ್ಮ ಕಣ್ಣಿನ ಮಾತು ನಡ್ಯಂಗಿಲ್ಲ” ಎಂದು ಊರೂರಿಗೆ ಸಾರಿದವನು ನಾನೇ. ಆ ಮಾತಿನ ಬಲದ ಮೇಲೆ ಎಷ್ಟೋ ಜನರ ನಾಣ್ಯಗಳನ್ನು ಸತ್ತವೆಂದು ಘೋಷಿಸಿದ್ದೆ.

ಅತ್ತಿಗೆಯ ರೂಪಾಯಿ ಇದ್ದದ್ದು ಹಗರಿಬೊಮ್ಮನಹಳ್ಳಿಯ ನನ್ನ ಅಣ್ಣನ ಮನೆಯ ದೇವರ ಗೂಡಿನಲ್ಲಿ. ಗುಡೇಕೋಟೆಯಿಂದ ಮದುವೆಯಾಗಿ ಬರುವಾಗ ಅವರ ತಾಯಿ ಸೆರಗಿಗೆ ಕಟ್ಟಿ ಕಳಿಸಿದ, ಬ್ರಿಟಿಷರ ಕಾಲದ, ರಾಣಿಯ ಮುಖವಿದ್ದ ರೂಪಾಯಿ ಅದು. ದೀಪಾವಳಿ ಅಮಾವಾಸ್ಯೆಗೆ ಮನೆಯ ಬೆಳ್ಳಿಯನ್ನೆಲ್ಲ ವಿಭೂತಿ ಹಚ್ಚಿ ಬೆಳಗುವುದು ನಮ್ಮ ಮನೆತನಗಳ ಪದ್ಧತಿ — ಲಿಂಗದ ಕರಡಿಗೆ, ಆರತಿ ತಟ್ಟೆ, ಅವುಗಳ ಜೊತೆಗೆ ಆ ರೂಪಾಯಿ. ಅದನ್ನೂ ಅತ್ತಿಗೆ ತಿಕ್ಕುತ್ತಿದ್ದರೋ, ಬರೀ ನೀರಲ್ಲಿ ಅದ್ದಿ ತೆಗೆಯುತ್ತಿದ್ದರೋ ಎಂದು ನಾನು ಕೇಳಲಿಲ್ಲ. ಯಾರೂ ಕೇಳಲಿಲ್ಲ.

ಒಮ್ಮೆ ಹೋದಾಗ ಅದನ್ನು ಮಸೂರದಡಿ ಹಿಡಿದೆ. ಹೊಸ ನಾಣ್ಯವನ್ನು ಬೆಳಕಿಗೆ ಓರೆ ಮಾಡಿ ತಿರುಗಿಸಿದರೆ ಹೊಳಪು ಬಂಡಿಯ ಗಾಲಿಯಂತೆ ಸುತ್ತುತ್ತದೆ. ತಿಕ್ಕಿ ಕೆಟ್ಟ ನಾಣ್ಯದಲ್ಲಿ ಅದು ಸುತ್ತುವುದಿಲ್ಲ, ಸುಮ್ಮನೆ ಮಿಂಚುತ್ತದೆ. ಇದು ಸುತ್ತಿತು. ರಾಣಿಯ ಕೆನ್ನೆಯ ಮೇಲೆ ಒಂದು ಗೀರಿಲ್ಲ. ನಾನು ನೋಡಿದೆ — ಈ ಮಾತನ್ನು ಓದುವವರು ಗುರುತಿಟ್ಟುಕೊಳ್ಳಬೇಕು — ನಾನು ಕಣ್ಣಾರೆ ನೋಡಿದೆ.

“ಡಬ್ಬಿಗೆ ಕಳಿಸೂಣ ಅಣ್ಣ” ಎಂದೆ.

“ಕಳಿಸೋ, ನಮ್ಮ ಮನಿ ರಾಣಿಗೆ ಎಷ್ಟು ಮಾರ್ಕ್ಸ್ ಬೀಳತಾವ ನೋಡೇ ಬಿಡೂಣು” ಎಂದು ಅಣ್ಣ ಹಿಗ್ಗಿದ.

“ಪರೀಕ್ಷಿಗೆ ಕುಂದ್ರಾಕ ಅಕಿಗೇನು ಸಣ್ಣ ವಯಸ್ಸೇನು?” ಎಂದು ಅತ್ತಿಗೆ ನಕ್ಕರು. ಆದರೂ ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಡಬ್ಬಿ ಬಂದದ್ದು ಅಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ. ಬಳಗವೆಲ್ಲ ಸೇರಿದ ಅಂಗಳದಲ್ಲೇ ನಾನು ಪೊಟ್ಟಣ ಬಿಚ್ಚಿದೆ — ನಾಟಕದ ಚಟ. ಅಂಕವಿರಲಿಲ್ಲ. ‘ತೊಳೆದದ್ದು’ ಎಂದಿತ್ತು. ಎಲ್ಲರ ಕಣ್ಣು ನನ್ನ ಮೇಲೆ. ‘ಇವರು ತಪ್ಪಿದ್ದಾರೆ, ನಾನು ನೋಡಿದ್ದೇನೆ’ ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಡಬ್ಬಿ ತಪ್ಪೆಂದರೆ, ಡಬ್ಬಿಯ ಪೂಜಾರಿ ಏನಾಗಬೇಕು?

“ಏನ್ರಿ ಅತ್ತಿಗಿ, ವಿಭೂತಿ ಬಡದು ಬಡದು ರಾಣಿನ್ನ ಸನ್ಯಾಸಿ ಮಾಡೀರಲ್ಲ! ಕೆಡಿಸಿಬಿಟ್ರಿ” ಎಂದೆ.

ಅಂಗಳ ನಕ್ಕಿತು. “ಗೌರಮ್ಮನ ಕೈಗೆ ಬಂಗಾರ ಕೊಡಬ್ಯಾಡ್ರಪ್ಪೋ, ತಿಕ್ಕಿ ತಗಡು ಮಾಡತಾಳ!” ಎಂದು ಯಾರೋ ಕೂಗಿದರು. ಅತ್ತಿಗೆಯೂ ನಕ್ಕರು. ಎಲ್ಲರಿಗಿಂತ ತಡವಾಗಿ ಶುರುಮಾಡಿ, ಎಲ್ಲರಿಗಿಂತ ಮೊದಲು ನಿಲ್ಲಿಸಿದರು.

ಅಣ್ಣ ನಗಲಿಲ್ಲ. ಬೈಯಲೂ ಇಲ್ಲ, ಅವನು ಬೈಯುವವನಲ್ಲ. ಡಬ್ಬಿಯನ್ನು ನನ್ನ ಕೈಗೇ ಕೊಟ್ಟು, “ನೀನ ಇಟ್ಕೊ, ಇಲ್ಲಿದ್ರ ಅಕಿಗೆ ಸಂಕಟ” ಎಂದ. ಮುಂದಿನ ದೀಪಾವಳಿಗೆ ಅತ್ತಿಗೆ ಬೆಳ್ಳಿಯ ಬುಟ್ಟಿ ಹಿಡಿದು ನಲ್ಲಿಯ ಕಡೆ ಹೊರಟಾಗ ಮೆಲ್ಲಗೆ ಇಸಿದುಕೊಂಡ: “ನೀ ಬಿಡು, ನಾ ಮಾಡತೀನಿ.” ಅವನು ಅದನ್ನು ಕರುಣೆ ಎಂದುಕೊಂಡಿದ್ದ. ಅಲ್ಲಿಂದ ಅವನು ಬದುಕಿರುವತನಕ ಅತ್ತಿಗೆ ಆ ಮನೆಯ ಬೆಳ್ಳಿ ಮುಟ್ಟಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನದು ಬರೀ ಬಾಯಿಚಪಲ ಎನ್ನಬಹುದಿತ್ತು. ಮುಗಿಯಲಿಲ್ಲ.

ಹರಪನಹಳ್ಳಿಯ ಮೌಲಾಸಾಬ ಲಾರಿಗಳ ರೇಡಿಯೇಟರ್ ರಿಪೇರಿ ಮಾಡುವವನು, ನಾಣ್ಯದಲ್ಲಿ ನನ್ನ ಹಳೆಯ ಜೊತೆಗಾರ. ಅವನೆದುರು ಒಮ್ಮೆ ಬಾಯಿಬಿಟ್ಟೆ — ಕಣ್ಣು ಒಂದು ಹೇಳುತ್ತದೆ, ಡಬ್ಬಿ ಇನ್ನೊಂದು ಹೇಳುತ್ತದೆ ಎಂದು.

“ಒಡದು ಇನ್ನೊಮ್ಮೆ ಕಳಿಸ್ರಿ ಸಾವ್ಕಾರ್ರೆ. ಅಲ್ಲಿ ಕುಂತು ನೋಡೋರು ಫರಿಸ್ತೇರೇನು, ದೇವದೂತರೇನು? ಒಬ್ಬಂಗೆ ಕಣ್ಣುರಿ ಇರತೈತಿ, ಒಬ್ಬನ ಹೆಂಡ್ತಿ ಜಗಳಾ ತಗದಿರತಾಳ” ಎಂದ.

ಅವನ ಇಕ್ಕಳದಿಂದಲೇ ಡಬ್ಬಿ ಒಡೆದು, ಅದೇ ನಾಣ್ಯವನ್ನು ಅದೇ ಕಂಪನಿಗೆ ಅವನ ಹೆಸರಿನಲ್ಲಿ ಕಳಿಸಿದೆವು. ಬಂತು: ಎಪ್ಪತ್ತಕ್ಕೆ ಅರವತ್ತಮೂರು. ತೊಳೆದ ಮಾತೇ ಇಲ್ಲ.

ಮೌಲಾಸಾಬ ಹೊಟ್ಟೆ ಹಿಡಿದು ನಕ್ಕ. “ಯಾ ಅಲ್ಲಾ, ಸತ್ತಾಕಿ ಎದ್ದು ಕುಂತಾಳಲ್ರಿ! ಮೊದಲ ನಿಮ್ಮ ಅತ್ತಿಗಿಯವ್ರಿಗೆ ಫೋನ್ ಹಚ್ರಿ.”

“ಹಚ್ಚತೀನಿ” ಎಂದೆ. ಹಚ್ಚಲಿಲ್ಲ. ಇವತ್ತು, ನಾಳೆ, ಹಬ್ಬಕ್ಕೆ ಹೋದಾಗ… ಹಬ್ಬಕ್ಕೂ ಹೋದೆ. ನಲ್ಲಿಯ ಬಳಿ ಅಣ್ಣ ಕುಕ್ಕರಗಾಲಿನಲ್ಲಿ ಕೂತು, ತಿಕ್ಕಲು ಹೆದರಿ, ಬರೀ ನೀರಿನಲ್ಲಿ ಬೆಳ್ಳಿ ಅದ್ದುತ್ತಿದ್ದ. ಅತ್ತಿಗೆ ಹೊಸ್ತಿಲಲ್ಲಿ ಒಣ ಬಟ್ಟೆ ಹಿಡಿದು ನಿಂತಿದ್ದರು. ಅವನು ಕೈ ಚಾಚಿ ಬಟ್ಟೆಯನ್ನಷ್ಟೇ ತೆಗೆದುಕೊಂಡ. ನಾನು ಇಬ್ಬರನ್ನೂ ದಾಟಿ ಒಳಗೆ ಹೋಗಿ ಹೋಳಿಗೆ ತಿಂದೆ. ಪ್ರತಿ ವರ್ಷ ತಿಂದೆ. ಈಗ ಅಂಗಡಿಯಲ್ಲಿ ಹಾಡುಹಗಲೇ, ಗಿರಾಕಿ ತಟ್ಟೆ ಬಡಿದು ನೋಡುತ್ತಿರುವಾಗಲೇ, ಆ ನಲ್ಲಿಯ ನೀರು ಸುರಿಯುವುದು ಕೇಳಿಸುತ್ತದೆ. ಸಾಲಾಗಿಟ್ಟ ಕೊಡಗಳಲ್ಲೆಲ್ಲ ಹೊಸ್ತಿಲಲ್ಲಿ ನಿಂತ ಹೆಂಗಸಿನ ನೆರಳು ಕಾಣುತ್ತದೆ. ತಿರುಗಿದರೆ ಯಾರೂ ಇರುವುದಿಲ್ಲ — ಇದ್ದಿದ್ದರೆ ವಾಸಿಯಿತ್ತು.

ಹೋದ ವರ್ಷ ಅಣ್ಣ ತೀರಿಕೊಂಡ. ಅದಾದ ಮೇಲೆ, ಹೇಳುವುದು ಸುಲಭವಾದ ಮೇಲೆ, ಡಬ್ಬಿ ತೆಗೆದುಕೊಂಡು ಅತ್ತಿಗೆಯ ಮುಂದೆ ಹೋಗಿ ಕೂತೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

“ಅರವತ್ತಮೂರು ಅಂದ್ರ ಪಾಸಾ?” ಎಂದರು.

“ಫಸ್ಟ್ ಕ್ಲಾಸು, ಅತ್ತಿಗಿ.”

“ಹಂಗಾರ ಮೊದಲಿನ ಡಬ್ಬಿ ಸುಳ್ಳು?”

“ಸುಳ್ಳಂತಲ್ಲ… ಅವತ್ತು ನೋಡಿದವ್ರಿಗೆ ಹಂಗ ಕಂಡಿರಬೇಕು.”

“ಮತ್ತ ಇದು ಖರೇ ಅಂತ ಹೆಂಗ ನಂಬೂದು?”

ನ್ಯಾಯಮೂರ್ತಿಗಳು ಡಬ್ಬಿಯನ್ನು ತಿರುಗಿಸಿ ನೋಡಿದರು. ಒಂದೇ ನೋಟದಲ್ಲಿ ರಾಣಿಯನ್ನು ಕೊಂದವರ ಮಾತು ಸುಳ್ಳಾದರೆ, ಉಳಿಸಿದವರ ಮಾತನ್ನು ಯಾವ ಮುಖದಿಂದ ಮುಂದಿಡಲಿ? ಕೊನೆಗೆ, ಅಂಗಳದಲ್ಲಿ ಹೇಳಬೇಕಾಗಿದ್ದದ್ದನ್ನು ಹೇಳಿದೆ. “ಡಬ್ಬಿ ಬಿಡ್ರಿ ಅತ್ತಿಗಿ. ಕಳಿಸೂಕಿಂತ ಮೊದಲ ನಾ ನೋಡಿದ್ದೆ. ಛಲೋ ಇತ್ತು. ನೀವೇನೂ ಕೆಡಿಸಿರಲಿಲ್ಲ.”

ಅವರ ಕೈ ಮೊರದಲ್ಲೇ ನಿಂತಿತು. ಜೋಳದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು.

“ನಿಮ್ಮಣ್ಣಗ ಗೊತ್ತಿತ್ತೇನು?”

“ಇಲ್ಲ.”

“ಈಗ ನನಗ ಹೇಳಿದಿ. ಅವ್ರಿಗೆ ಹೆಂಗ ಹೇಳತಿ, ಸಿದ್ದಪ್ಪಾ?”

ಡಬ್ಬಿ ಅವರ ಮುಂದೆಯೇ ಇತ್ತು. ಅದನ್ನು ಅವರು ತೆಗೆದುಕೊಳ್ಳಲಿಲ್ಲ. ನಾನು ಬಿಟ್ಟು ಬಂದೆ.

ಅಣ್ಣನಿಗೆ ಹೇಳುವ ದಾರಿ ನನಗೆ ಗೊತ್ತಿಲ್ಲ. ಹಾಗಾಗಿ ತೊಟ್ಟಿಲಿನ ದಿನ ನಕ್ಕವರಲ್ಲಿ ಬದುಕಿರುವವರ ಮನೆಗಳಿಗೆ ಹೋಗಿ ಹೇಳಲು ಶುರುಮಾಡಿದ್ದೇನೆ. ಮೊದಲು ಹಂಪಸಾಗರದ ಚಿಕ್ಕಮ್ಮನ ಮನೆಗೆ ಹೋದೆ. ಆಕೆಗೆ ನನ್ನ ಕುಚೋದ್ಯ ನೆನಪೇ ಇರಲಿಲ್ಲ. “ಯಾವ ರೂಪಾಯಿನೋ?” ಎಂದಳು. ಮೊದಲಿಂದ ಬಿಡಿಸಿ ಹೇಳಿದೆ. ಕೇಳಿ ಎಂದಳು: “ಅಯ್ಯ, ಅದಕ್ಕ ಗೌರಮ್ಮ ಮದಿವ್ಯಾಗ ಬೆಳ್ಳಿ ತಟ್ಟಿ ಕೊಟ್ರ ಹಿಂದ ಸರಿತಿದ್ಲೇನು? ನಾವೆಲ್ಲ ಸೊಕ್ಕು ಅಂದ್ಕೊಂಡಿದ್ವಲ್ಲೋ.”

ಅದು ನನಗೂ ಗೊತ್ತಿರಲಿಲ್ಲ. ಇನ್ನೂ ಹೋಗಬೇಕಾದ ಮನೆಗಳಿವೆ.