ಸೀಟಿನ ಕೆಳಗಿನ ಚೇಳು

ಮೊದಲ ಮಹಾಯುದ್ಧ ಮುಗಿದು ನಾಲ್ಕೈದು ವರ್ಷ ಕಳೆದಿರಬೇಕು. ನಾನಾಗ ಇಲಕಲ್ಲಿನ ಒಬ್ಬ ಸೀರೆ ವ್ಯಾಪಾರಿಯ ಮೋಟಾರು ನಡೆಸುತ್ತಿದ್ದೆ. ನಮ್ಮ ಮನೆತನ ಬಾಗಲಕೋಟೆಯದು. ಅಪ್ಪ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು, ನಾನು ಮುಂಬೈಗೆ ಹೋಗಿ ಮೋಟಾರು ಕಲಿತು ಬಂದಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ಆ ಗಾಡಿ ನಡೆಸಬಲ್ಲವನು ನಾನೊಬ್ಬನೇ ಎಂಬ ಜಂಬ ನನಗೆ ಬೇಕಾದಷ್ಟಿತ್ತು.

ನಮ್ಮ ಮೋಟಾರಿಗೆ ಬೀಗವಿರಲಿಲ್ಲ, ಕೀಲಿಯೂ ಇರಲಿಲ್ಲ. ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಸಾಕು, ಯಾರು ಬೇಕಾದರೂ ಹೊರಡಿಸಬಹುದಿತ್ತು. ಒಮ್ಮೆ ಹುನಗುಂದದ ಸಂತೆಯಲ್ಲಿ ನಿಲ್ಲಿಸಿ ನಾನು ಊಟ ಮಾಡಿ ಬರುವಷ್ಟರಲ್ಲಿ ಗಾಡಿಯೇ ಮಾಯ! ಹುಡುಕಾಡಿದಾಗ ಅಮೀನಗಡದ ಹಾದಿಯಲ್ಲಿ ಎಣ್ಣೆ ತೀರಿ ನಿಂತಿದ್ದು ಸಿಕ್ಕಿತು. ಕದ್ದವನು ಮಾತ್ರ ಸಿಗಲಿಲ್ಲ. ಹುಸೇನಿಯನ್ನು ಬಿಟ್ಟರೆ ಮೋಟಾರು ನಡೆಸುವವರು ಇನ್ಯಾರಿದ್ದಾರೆ ಎಂದು ಜನ ನನ್ನ ಮುಖವನ್ನೇ ನೋಡತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುವಾರವೇ ನಾನೊಂದು ಉಪಾಯ ಮಾಡಿದೆ. ಎಂಜಿನ್ನಿಗೆ ಕಿಡಿ ಕೊಡುವ ಯಂತ್ರದಿಂದ ತಂತಿಯೊಂದನ್ನು ಎಳೆದು, ನನ್ನ ಸೀಟಿನ ಕೆಳಗೆ ಕತ್ತಲಲ್ಲಿ ಒಂದು ಸಣ್ಣ ಗುಂಡಿಗೆ ಜೋಡಿಸಿದೆ. ಗುಂಡಿ ಒತ್ತಿಟ್ಟರೆ ಕಿಡಿ ಮೋಟಾರಿನ ಕಬ್ಬಿಣದ ಮೈಗೆ ಹರಿದುಹೋಗುತ್ತಿತ್ತು. ಆಮೇಲೆ ರಟ್ಟೆ ಬಿದ್ದುಹೋಗುವ ತನಕ ಹ್ಯಾಂಡಲ್ ತಿರುವಿದರೂ ಎಂಜಿನ್ ಕೆಮ್ಮುತ್ತಲೂ ಇರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ಮೋಟಾರಿನ ಒಡೆಯರಾದ ಸಾವ್ಕಾರರಿಗೆ ಮಾತ್ರ. ನಾಲ್ಕು ಜನರ ಮುಂದೆ ಅದರ ಮಾತು ಬಂದರೆ ಬೇಕೆಂದು ಅದಕ್ಕೆ ನಾವು "ಚೇಳು" ಎಂದು ಹೆಸರಿಟ್ಟೆವು. ಎಲ್ಲಿ ಇಳಿದರೂ ಸಾವ್ಕಾರರು, "ಚೇಳು ಕುಂತೈತೇನೋ ಹುಸೇನಿ?" ಎಂದು ಕೇಳುವರು. "ಕುಂತೈತ್ರಿ ಸಾವ್ಕಾರ್ರ," ಎಂದು ನಾನು ಹೇಳುವೆ. ಇಬ್ಬರೂ ಒಳಗೊಳಗೇ ನಗುತ್ತಿದ್ದೆವು.

ಅದೇ ಬೇಸಿಗೆಯಲ್ಲಿ ಸಾವ್ಕಾರರು ತಮ್ಮ ಬೀಗರನ್ನು ಕೂರಿಸಿಕೊಂಡು ಬಾಗಲಕೋಟೆಗೆ ಹೊರಟರು. ಕಮತಗಿಯ ಸಂತೆಯ ಬಳಿ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದೆ. ರೂಢಿಯಂತೆ ಗುಂಡಿ ಒತ್ತಿ, ಬಾವಿಯಿಂದ ನೀರು ತಂದು ಹಾಕಿದೆ. ಮತ್ತೆ ಗುಂಡಿ ಬಿಡಿಸಲೆಂದು ಸೀಟಿನ ಕೆಳಗೆ ಕೈ ಹಾಕಿದ್ದೇ ತಡ, ಬೆರಳಿಗೆ ಕೆಂಡ ತಾಗಿದಂತಾಯಿತು. ಕೈ ಎಳೆದುಕೊಂಡು ನೋಡಿದರೆ ಕೆಂಪು ಚೇಳೊಂದು ಸರಸರನೆ ಒಳಗೆ ಸರಿಯುತ್ತಿತ್ತು.

"ಚೇಳು! ಸಾವ್ಕಾರ್ರ, ಚೇಳು!" ಎಂದು ಕಿರುಚಿದೆ.

ಸಾವ್ಕಾರರು ಹಿಂದಿನಿಂದ ಬಗ್ಗಿ, "ಲೇ, ಸಾವಕಾಶ ಅನ್ನು. ಬೀಗರು ಕೇಳ್ತಾರ," ಎಂದು ಕಣ್ಣು ಮಿಟುಕಿಸಿದರು.

"ಖರೇನ ಚೇಳ್ರೀ!"

"ಖರೇನ ಐತಿ, ನನಗ ಗೊತ್ತಿಲ್ಲೇನು? ಎಬ್ಬಸು ಅದನ್ನ, ಹೊತ್ತಾತು."

ಸಾಯುವ ಹೊತ್ತಿನಲ್ಲಿ ಇಂಥ ಚೇಷ್ಟೆ ಶತ್ರುವಿಗೂ ಬೇಡ. ನಾನು ನೆಲಕ್ಕೆ ಕುಸಿದು, ಮೈಯೆಲ್ಲ ಬೆವರಿ ವಾಂತಿ ಮಾಡಿಕೊಂಡಾಗಲೇ ಅವರ ನಗು ಆರಿತು. ಸಂತೆಯ ಜನ ಸುತ್ತುಗಟ್ಟಿದರು. ಒಬ್ಬರು ಉಳ್ಳಾಗಡ್ಡಿ ತಿಕ್ಕಿದರು, ಇನ್ನೊಬ್ಬರು ಮಂತ್ರ ಹಾಕಿದರು. ನನ್ನ ಕೈಕಾಲು ತಣ್ಣಗಾಗುತ್ತಿದ್ದವು, ಎದೆ ಹಾರುತ್ತಿತ್ತು. "ಬಾಗಲಕೋಟಿ ದವಾಖಾನಿಗೆ ಒಯ್ಯರಿ, ಇಲ್ಲಂದ್ರ ಉಳಿಯಾಂಗಿಲ್ಲ," ಎಂದು ಮುದುಕರೊಬ್ಬರು ಹೇಳಿದರು. ಒಯ್ಯುವುದು ಹೇಗೆ? ಮೋಟಾರು ನಡೆಸುವವನೇ ನೆಲದ ಮೇಲೆ ಬಿದ್ದಿದ್ದ.

ಆಗ ಹರಕು ಖಾಕಿ ಕೋಟು ತೊಟ್ಟ ಒಬ್ಬಾತ ಜನರನ್ನು ಸರಿಸಿ ಮುಂದೆ ಬಂದ. "ನಾ ಹೊಡೀತೇನ್ರಿ," ಎಂದವನೇ ಹ್ಯಾಂಡಲ್ ತಿರುವತೊಡಗಿದ. ಪಳಗಿದ ಕೈ ಎಂದು ನನಗೆ ಬಿದ್ದಲ್ಲಿಂದಲೇ ತಿಳಿಯಿತು. ಎಂಜಿನ್ ಮಾತ್ರ ಹೊತ್ತಿಕೊಳ್ಳಲಿಲ್ಲ. ಗುಂಡಿ ಇನ್ನೂ ಒತ್ತಿಯೇ ಇತ್ತು, ಗಾಬರಿಯಲ್ಲಿ ಸಾವ್ಕಾರರಿಗೂ ಅದರ ನೆನಪಿರಲಿಲ್ಲ. ತಿರುವಿ ತಿರುವಿ ಸಾಕಾಗಿ ಆತ ಸಾವ್ಕಾರರ ಕಡೆ ತಿರುಗಿದ.

"ಇದಕ್ಕ ಏನೋ ಮಾಡೀರಿ ನೀವು. ಮೊದಲ ಹಿಂಗ ಇರಲಿಲ್ಲ ಇದು, ಅರ್ಧ ಸುತ್ತಿಗೆ ಹೊತ್ತತಿತ್ತು."

ಮೊದಲು ಹೇಗಿತ್ತೆಂದು ಇವನಿಗೆ ಹೇಗೆ ಗೊತ್ತು? ಯಾರಿಗಾಗಿ ನಾನು ಆ ಗುಂಡಿ ಇಟ್ಟಿದ್ದೆನೋ ಅವನೇ ನನ್ನ ತಲೆಯ ಬಳಿ ನಿಂತಿದ್ದ. ಸಾವ್ಕಾರರೂ ಆ ಮಾತು ಕೇಳಿಸಿಕೊಂಡಿದ್ದರು. ಒಮ್ಮೆ ಅವನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಗುಟ್ಟು ತೋರಿಸಿದರೆ ಮೋಟಾರು ಕಳ್ಳನ ಕೈಗೆ, ತೋರಿಸದಿದ್ದರೆ ನಾನು ಮಣ್ಣಿಗೆ. ಬಾಯಿ ತೆರೆದು ಬೇಡಿಕೊಳ್ಳೋಣವೆಂದರೆ ನನ್ನ ನಾಲಿಗೆ ಹೊರಳಲಿಲ್ಲ.

ಸಾವ್ಕಾರರು ತಲೆಯ ರುಮಾಲು ಬಿಚ್ಚಿ ಕೈಗೆ ಸುತ್ತಿಕೊಂಡರು. ಇಡೀ ಸಂತೆಯ ಎದುರು ಮಂಡಿಯೂರಿ, ಚೇಳಿದ್ದ ಆ ಕತ್ತಲೊಳಗೆ ಮೊಣಕೈ ತನಕ ಕೈ ತೂರಿಸಿದರು. ಹಲ್ಲಿಯನ್ನು ಕಂಡರೂ ಹಾರಿ ಬೀಳುತ್ತಿದ್ದ ಮನುಷ್ಯ! ಗುಂಡಿ ಬಿಡಿಸಿ ಎದ್ದು, "ಈಗ ತಿರುವು," ಎಂದರು. ಎಂಜಿನ್ ಹೊತ್ತಿಕೊಂಡಿತು. ಬೀಗರನ್ನು ಅಲ್ಲೇ ಬಿಟ್ಟು, ನನ್ನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಸಾವ್ಕಾರರು ಹಿಂದೆ ಕುಳಿತರು. ಮುಂದಿನದು ನನಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ದವಾಖಾನೆಯ ಕಿಟಕಿಯಲ್ಲಿ ಮರುದಿನದ ಬಿಸಿಲಿತ್ತು. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತು ಎಂದರಂತೆ ಡಾಕ್ಟರು. ಸಾವ್ಕಾರರು ಸ್ಟೂಲಿನ ಮೇಲೆ ಕುಳಿತಿದ್ದರು. ಖಾಕಿ ಕೋಟಿನ ಆತ ಬಾಗಿಲಲ್ಲಿ ನಿಂತಿದ್ದ. ಬೇವೂರಿನವನಂತೆ, ಹೆಸರು ಯಮನಪ್ಪ. ಹೆಸರು ಕೇಳಿ ನನಗೆ ಇನ್ನೊಮ್ಮೆ ಜೀವ ಹಾರಿತು.

"ಹೊಡಿಯೂದು ಎಲ್ಲಿ ಕಲತಿ?" ಸಾವ್ಕಾರರು ಕೇಳಿದರು.

"ಬಸ್ರಾ ಅನ್ನೂ ಊರಾಗ್ರಿ, ಸಮುದ್ರದ ಆಚಿಗೆ. ಲಡಾಯಿಗೆ ಹೋಗಿದ್ದೆ, ಅಲ್ಲಿ ಲಾರಿ ಹೊಡೀತಿದ್ದೆ."

"ಮತ್ತ ನನ್ನ ಮೋಟಾರು?"

ಆತ ತಲೆ ತಗ್ಗಿಸಿದ. "ಒಮ್ಮೆ ಹೊಡದೀನ್ರಿ. ಊರಿಗೆ ಬಂದ ಮ್ಯಾಲ ಬರೇ ಎತ್ತಿನ ಚಕ್ಕಡಿನ ಹೊಡದೆ. ಆವತ್ತ ಹುನಗುಂದದಾಗ ನಿಂತದ್ದು ಕಂಡೆ, ಕೈ ತಡೀಲಿಲ್ರಿ. ತಿರುಗಿ ತಂದು ನಿಲ್ಲಸಬೇಕಂತಿದ್ದೆ, ಎಣ್ಣಿ ತೀರತು. ಹೆದರಿ ಓಡಿದೆ."

ಸಾವ್ಕಾರರು ಎದ್ದು ಕಿಟಕಿಯ ಬಳಿ ಹೋದರು. ಈಗ ಪೊಲೀಸರನ್ನು ಕರೆಸುತ್ತಾರೆ ಎಂದುಕೊಂಡೆ. ಅವರು ಕಿಟಕಿಯಾಚೆ ನೋಡಿ, "ಮೋಟಾರು ಬಿಸಲಾಗ ನಿಂತೈತಿ, ಟಾಯರ್ ಕಾದಿರತಾವು. ಬೇವಿನ ಗಿಡದ ನೆಳ್ಳಿಗೆ ಹಚ್ಚಿ ಬಾ," ಎಂದರು. ಆತ ನಂಬಲಾರದೆ ಅವರನ್ನೇ ನೋಡಿದ, ಆಮೇಲೆ ಹೊರಗೆ ಹೋದ.

ಸಾವ್ಕಾರರಿಗೆ ತಲೆ ಕೆಟ್ಟಿತೇ ಎಂದು ನನಗೆ ದಿಗಿಲಾಯಿತು. ಮಲಗಿದ್ದಲ್ಲೇ ಕಿವಿ ನಿಮಿರಿಸಿದೆ. ಹ್ಯಾಂಡಲ್ ತಿರುವಿದ ಸದ್ದು, ಎಂಜಿನ್ ಹೊತ್ತಿದ ಸದ್ದು. ಅದು ಮುಂದೆ ಮುಂದೆ ಹೋಗುತ್ತಲೇ ಇತ್ತು. ಸಾವ್ಕಾರರು ತಿರುಗಿ ಕೂಡ ನೋಡಲಿಲ್ಲ, ನನಗೆ ನೀರು ಕುಡಿಸುತ್ತಿದ್ದರು. ಆದರೆ ಲೋಟದ ನೀರು ನನ್ನ ಬಾಯಿ ತಪ್ಪಿ ಗದ್ದದ ಮೇಲೆ ಇಳಿಯುತ್ತಿತ್ತು. ಆಗ ಎಂಜಿನ್ ನಿಂತಿತು. ಸ್ವಲ್ಪ ಹೊತ್ತಿಗೆ ಯಮನಪ್ಪ ಬಂದು, ಬಾಗಿಲಲ್ಲೇ ಕುಳಿತು ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಎಷ್ಟೋ ವರ್ಷಗಳಾದವು. ಚೇಳಿನ ಉರಿ ನನಗೀಗ ಮರೆತೇಹೋಗಿದೆ. ಆ ಎಂಜಿನ್ ದೂರವಾಗುತ್ತಿದ್ದಾಗ ಪಟ್ಟ ಸಂಕಟ, ಅದು ನಿಂತಾಗ ಆದ ಬೆರಗು ಮಾತ್ರ ಇನ್ನೂ ಹಾಗೆಯೇ ಇವೆ.