ಹಿನ್ನೀರಿನಿಂದ ಎದ್ದ ಒಳಖೋಲಿ

ಇಂಡಿಯಿಂದ ನಾನು ಹೊರಟದ್ದು ಮಧ್ಯಾಹ್ನ ಎರಡಕ್ಕೆ, ಮೇ ತಿಂಗಳ ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ. ಅಂಥ ಹೊತ್ತಿನಲ್ಲಿ ಹೊರಡಿಸಿದ್ದು ಹಿಂದಿನ ದಿನ ಬಂದ ಒಂದು ಫೋನ್. ಕೃಷ್ಣೆಯ ಹಿನ್ನೀರಿನಲ್ಲಿ ಮೀನು ಹಿಡಿಯುವ ಯಮನಪ್ಪ ನನ್ನ ತವರೂರಿನವನು. ಫೋನಿನಲ್ಲೂ ಹೊಳೆಯ ಆಚೆ ದಡಕ್ಕೆ ಕೇಳಿಸುವ ಹಾಗೆಯೇ ಮಾತಾಡುತ್ತಾನೆ.

"ಅಕ್ಕಾರ, ನಿಮ್ಮ ಮನಿ ಎದ್ದೈತ್ರಿ! ಈ ಸಲ ನೀರು ಭಾಳ ಇಳದೈತಿ. ಒಳಖೋಲಿ ಗ್ವಾಡಿ ಸೊಂಟಮಟ ಕಾಣಾಕತ್ತಾವು. ನೋಡೂದಿದ್ರ ಲಗೂನ ಬರ್ರಿ. ಮ್ಯಾಲೆ ಘಟ್ಟದಾಗ ಮಳಿ ಬಿದ್ರ ಮತ್ತ ಮುಳಗತೈತಿ."

ನಮ್ಮೂರು ಆಲಮಟ್ಟಿಯ ನೀರಿಗೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಊರು ಮುಳುಗಿದ ವರ್ಷವೇ ನನ್ನ ಚೊಚ್ಚಲ ಹೆರಿಗೆ. ಚೊಚ್ಚಲಿಗೆ ತವರಿಗೆ ಹೋಗುವುದು ನಮ್ಮ ಕಡೆಯ ಹೆಣ್ಣುಮಕ್ಕಳ ಹಕ್ಕು. ಅವ್ವ ಒಳಖೋಲಿ ಸಾರಿಸಿ, ನೀರೊಲೆಗೆ ಕುಳ್ಳು ಒಟ್ಟಿ, ಬಾಣಂತಿ ಮಲಗುವ ಹೊರಸಿಗೆ ಹಗ್ಗ ಬಿಗಿದು ಕಾಯುತ್ತಿದ್ದಳು. ಅಷ್ಟರಲ್ಲಿ ಊರು ಬಿಡಬೇಕೆಂದು ನೋಟೀಸು ಬಂತು, ನಾನು ಇಂಡಿಯಲ್ಲಿ ಅತ್ತೆಯ ಮನೆಯಲ್ಲೇ ಹಡೆದೆ. ಅವ್ವ ನಮ್ಮೈವರನ್ನೂ ಹಡೆದ ಆ ಖೋಲಿಯಲ್ಲಿ ಒಂದು ಗಳಿಗೆ ಕೂತು ಬರಬೇಕೆಂಬುದು ಅಂದಿನಿಂದ ಒಳಗೊಳಗೇ ಉಳಿದ ಆಸೆ. ಅವ್ವ ತೀರಿಕೊಂಡ ಮೇಲೆ ಅದು ಇನ್ನೂ ಹೆಚ್ಚಾಯಿತು.

"ಕಲ್ಲು ನೋಡಾಕ ಅಷ್ಟು ದೂರ ಹೋಗ್ತಾರೇನ?" ಎಂದರು ನನ್ನ ಯಜಮಾನರು. ಹುಟ್ಟಿದ ಮನೆಯಲ್ಲೇ ಹಲ್ಲು ಬಂದು, ಅದೇ ಮನೆಯಲ್ಲಿ ಹಲ್ಲು ಉದುರಿಸಿಕೊಳ್ಳುತ್ತಿರುವ ಗಂಡಸಿಗೆ ಇದೆಲ್ಲ ಹೇಳಿ ತಿಳಿಸುವುದು ಹೇಗೆ? ನಿಂಬೆ ತೋಟಕ್ಕೆ ನೀರು ಬಿಡುವ ಕೆಲಸ ಅವರಿಗೇ ಒಪ್ಪಿಸಿ ಬಸ್ಸು ಹತ್ತಿದೆ.

ತಾಂಬಾದಲ್ಲಿ ಅರ್ಧ ಬಸ್ಸು ಇಳಿದು, ಇಳಿದವರಿಗಿಂತ ಹೆಚ್ಚು ಜನ ಹತ್ತಿದರು, ಬಹುತೇಕ ಹೆಂಗಸರೇ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, "ಫ್ರೀ ಐತಂತ ಎಲ್ಲಾರೂ ತವರಿಗೆ ಹೊಂಟೀರೇನ್ರಿ?" ಎಂದ.

"ಹೌದ್ರಿ. ನಮ್ಮ ತವರು ನೀರಾಗೈತಿ. ಅಲ್ಲೀತನ ಟಿಕೀಟ್ ಕೊಡ್ತೀರೇನು?" ಎಂದೆ.

ಅವನು ಅರ್ಧ ನಕ್ಕು, ದೇವರಹಿಪ್ಪರಗಿಗೆ ಟಿಕೆಟ್ ಹರಿದು ಕೊಟ್ಟ. ಅಲ್ಲಿ ಬಸ್ಸು ಬದಲಿಸಿ ಬಸವನ ಬಾಗೇವಾಡಿ ಮುಟ್ಟುವಾಗ ಸಂಜೆ ಆರು ದಾಟಿತ್ತು. ಅಲ್ಲಿಂದ ಟೆಂಪೋದಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ಇಂಗಳೇಶ್ವರಕ್ಕೆ ಹೋದೆ. ಶಾಲೆಯ ಕಾಲದ ಗೆಳತಿಯ ಮನೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗಡಿಗೆಯ ಮೊಸರು ಉಂಡು ಬೇಗ ಮಲಗಿದೆ.

ಮರುದಿನ ಸೂರ್ಯ ಮೂಡುವ ಮೊದಲೇ ಯಮನಪ್ಪ ಬೈಕ್ ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ನಿಡಗುಂದಿ ದಾಟಿ ಹೊಳೆಯ ಕಡೆ ತಿರುಗಿ ಸ್ವಲ್ಪ ದೂರ ಹೋಗುವುದರಲ್ಲಿ ಡಾಂಬರು ಮುಗಿಯಿತು. ಬೈಕನ್ನು ಒಂದು ಜಾಲಿಗಿಡದ ಬುಡದಲ್ಲಿ ಬಿಟ್ಟು ನಡೆಯತೊಡಗಿದೆವು. ಐದು ಕಿಲೋಮೀಟರ್ ಇರಬಹುದು. ಕಣ್ಣು ಹಾಯುವಷ್ಟು ದೂರ ನೀರಿಳಿದ ಎರೆಮಣ್ಣು, ಅಂಗೈ ಹೋಗುವಷ್ಟು ಬಿರುಕು. ಗಿಡವಿಲ್ಲ, ಮನುಷ್ಯರಿಲ್ಲ. ಒಂದು ನರಿ ಸತ್ತ ಮೀನೊಂದನ್ನು ಕಚ್ಚಿಕೊಂಡು ನಮ್ಮನ್ನು ನೋಡುತ್ತ ನಿಂತಿತ್ತು. ನಾವು ಹತ್ತಿರವಾದರೂ ಓಡಲಿಲ್ಲ. ಇಲ್ಲಿ ನಾವೇ ಹೊರಗಿನವರು ಎನಿಸಿತು. ನಾನು ಹುಟ್ಟಿದ ಊರಿಗೆ ನರಿಯ ಅಪ್ಪಣೆ ಕೇಳಿ ಹೋಗುವ ಹಾಗಾಯಿತಲ್ಲ ಎಂದು ಸಿಟ್ಟೂ ಬಂತು.

"ಈ ಕಡಿ ಬರ್ರಿ ಅಕ್ಕಾರ, ನೀರಿನ ದಂಡಿಗೆ ಹೋಗಬ್ಯಾಡ್ರಿ. ಮೊಸಳಿ ಅದಾವು," ಎಂದ ಯಮನಪ್ಪ.

ಮುಂದೆ ಹಸಿ ಮಣ್ಣಿನಲ್ಲಿ ತುಂಬಿದ ಚೀಲ ಎಳೆದಂಥ ಗುರುತು ಕಂಡಿತು. ಎರಡೂ ಬದಿಗೆ ಉಗುರಿನ ಗೆರೆಗಳು. ಅದು ನೀರಿನಿಂದ ಎದ್ದು ಕಲ್ಲುಗುಂಪಿನ ಕಡೆ ಹೋಗಿತ್ತು. ಯಮನಪ್ಪ ಬಗ್ಗಿ ನೋಡಿ, "ಹಳೇದೈತಿ," ಎಂದ. ಅವನ ದನಿಯಲ್ಲಿ ಅಷ್ಟು ಧೈರ್ಯ ಕಾಣಲಿಲ್ಲ.

ಆ ಕಲ್ಲುಗುಂಪೇ ನಮ್ಮ ಮನೆ. ಹೊಸ್ತಿಲಿನ ಕಲ್ಲು ಇದ್ದಲ್ಲೇ ಇತ್ತು. ನಾನು ಸೆರಗು ಸರಿ ಮಾಡಿಕೊಂಡು, ಬಲಗಾಲಿಟ್ಟು ಒಳಗೆ ಹೋದೆ. ಪಡಸಾಲೆ ದಾಟಿ ಒಳಖೋಲಿ. ಮೂರು ಕಡೆ ಮೋಟು ಗೋಡೆ, ಮೂಲೆಯಲ್ಲಿ ಮಾಳಿಗೆ ಕುಸಿದು ಬಿದ್ದ ಮಣ್ಣಿನ ದಿಬ್ಬ. ಯಮನಪ್ಪ ಸುತ್ತ ಒಮ್ಮೆ ಕಣ್ಣಾಡಿಸಿ, ನನ್ನನ್ನು ಒಬ್ಬಳನ್ನೇ ಬಿಟ್ಟು ತನ್ನ ಬಲೆ ನೋಡಲು ಆಚೆ ಹೋದ. ನಾನು ಹೊರಸು ಇರುತ್ತಿದ್ದ ಜಾಗದಲ್ಲಿ ಕೂತೆ. ನೆಲ ಇನ್ನೂ ತಂಪಿತ್ತು.

ಕೂತು ನಿಮಿಷವಾಗಿರಲಿಲ್ಲ, ನೆಲ ಕೂಗಿತು.

ಕಂವ್, ಕಂವ್ ಎಂದು ಸಣ್ಣ ದನಿ. ಕಪ್ಪೆಯೇನೋ ಎಂದು ಸುತ್ತ ನೋಡಿದೆ. ದನಿ ಬರುತ್ತಿದ್ದದ್ದು ದಿಬ್ಬದ ಒಳಗಿನಿಂದ. ಒಂದಲ್ಲ, ಹತ್ತಾರು. ನಾನು ಎದ್ದು ನಿಂತೆ.

"ಅಕ್ಕಾರ! ಗ್ವಾಡಿ ಮ್ಯಾಲೆ ಏರ್ರಿ! ಓಡಬ್ಯಾಡ್ರಿ!" ಯಮನಪ್ಪ ದೂರದಿಂದ ಕಿರುಚಿದ.

ನಾನು ಗೋಡೆಯ ಮೋಟು ಏರಿ ತಿರುಗುವಷ್ಟರಲ್ಲಿ ಮೊಸಳೆ ಬಂದೇ ಬಿಟ್ಟಿತ್ತು. ಹೊರಸಿಗಿಂತ ಉದ್ದ, ಮೈಯಿಂದ ನೀರು ಸೋರುತ್ತಿತ್ತು. ಪಡಸಾಲೆಯ ಗೋಡೆ ಎಲ್ಲ ಕಡೆ ಬಿದ್ದು ದಾರಿಯಾಗಿದ್ದರೂ ಅದು ಹೊಸ್ತಿಲು ದಾಟಿ, ಬಾಗಿಲು ಇದ್ದ ಜಾಗದಿಂದಲೇ ಒಳಗೆ ಬಂತು. ನನ್ನಿಂದ ನಾಲ್ಕು ಮೊಳ ದೂರದಲ್ಲಿ ನಿಂತು ಬಾಯಿ ತೆರೆದು ಬುಸ್ ಎಂದಿತು. ಮೀನಿನ ನಾತ ಮೂಗಿಗೆ ಹೊಡೆಯಿತು. ಆಗ ದಿಬ್ಬ ಮತ್ತೆ ಕೂಗಿತು. ಮೊಸಳೆ ನನ್ನನ್ನು ಅಲ್ಲಿಗೇ ಬಿಟ್ಟು ಅತ್ತ ತಿರುಗಿ, ಮುಂಗಾಲಿನಿಂದ ಮಣ್ಣು ಕೆದರತೊಡಗಿತು.

ಯಮನಪ್ಪ ಹತ್ತಿರ ಬಂದು ದೊಡ್ಡ ಕಲ್ಲೊಂದನ್ನು ಎತ್ತಿ ಹಿಡಿದಿದ್ದ. ನಾನು ಬೇಡವೆಂದು ಕೈಯಾಡಿಸಿದೆ.

ಮಣ್ಣಿನಿಂದ ಗೇಣುದ್ದದ ಮರಿಗಳು ಹೊರಬಂದವು. ಕೆಲವಕ್ಕೆ ತತ್ತಿಯ ಚಿಪ್ಪು ಇನ್ನೂ ಅಂಟಿತ್ತು. ಮೊಸಳೆ ಒಂದೊಂದನ್ನೇ ಬಾಯಿಗೆ ಹಾಕಿಕೊಂಡಾಗ ನಾನು ಕಣ್ಣು ಮುಚ್ಚಿಕೊಂಡೆ.

"ತಿನ್ನೂದಲ್ರಿ," ಎಂದು ಯಮನಪ್ಪ ಮೆಲ್ಲಗೆ ಹೇಳಿದ. "ಬಾಯಾಗ ಇಟಗೊಂಡು ನೀರಿಗೆ ಒಯ್ತಾಳ. ಬಾಣಂತಿ ಅದಾಳ್ರಿ ಆಕಿ."

ನಾಲ್ಕು ಸಲ ಹೋಗಿ ಬಂತು. ದಿಬ್ಬ ಸುಮ್ಮನಾಯಿತು. ಇನ್ನು ಇಳಿಯಬಹುದು ಎಂದುಕೊಳ್ಳುವಾಗ ಮಣ್ಣಿನ ಅಡಿಯಿಂದ ಒಂದೇ ಒಂದು ದನಿ, ಬಹಳ ಸಣ್ಣದು, ಮತ್ತೆ ಕೇಳಿತು. ನೀರಿನಲ್ಲಿದ್ದ ಮೊಸಳೆಗೆ ಅಷ್ಟು ದೂರ ಅದು ಹೇಗೆ ಕೇಳಿತೋ, ತಿರುಗಿ ಬಂತು. ಕೆದರಿ, ಒಡೆಯದ ತತ್ತಿಯನ್ನು ಬಾಯಲ್ಲಿ ಹಗುರಾಗಿ ಒತ್ತಿ ಒಡೆದು, ಅದನ್ನೂ ಒಯ್ದಿತು.

ನಾನು ಗೋಡೆಯ ಮೇಲೆ ನಿಂತೇ ಅತ್ತೆ. ನನಗೆ ಬೇನೆ ಬಂದಾಗ ಅತ್ತೆಯ ಮನೆಯ ಖೋಲಿಯಲ್ಲಿ ಗಂಟಲು ಹರಿಯುವವರೆಗೆ "ಅವ್ವಾ" ಎಂದು ಕೂಗಿದ್ದೆ. ಅದೇ ದಿನ ಅವ್ವ ಇಲ್ಲಿ ಭಾಂಡಿ ಸಾಮಾನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದಳು. ಸುದ್ದಿ ಮುಟ್ಟಿದ್ದು ಮೂರನೇ ದಿನ. ಆಮೇಲೆ ನನ್ನ ಮಗುವನ್ನು ಎತ್ತಿಕೊಂಡಾಗಲೆಲ್ಲ, "ನೀ ಕರದದ್ದು ನನಗ ಕೇಳಲಿಲ್ಲವ್ವಾ," ಎನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ತನ್ನ ಕಡೆಯ ವಾರದಲ್ಲೂ ಅದನ್ನೇ ಅಂದಳು. ನಾನು ಪ್ರತಿ ಸಲವೂ ಮಾತು ಬದಲಿಸಿದೆ.

ಯಮನಪ್ಪ ಕೈ ಹಿಡಿದು ಇಳಿಸಿದ. ನೂರು ಹೆಜ್ಜೆ ಬಂದೆವು. ಆಮೇಲೆ ಅವನೇ ನಿಂತ.

"ಇನ್ನ ಆಕಿ ಬರೂದಿಲ್ರಿ. ಅಷ್ಟು ದೂರದಿಂದ ಬಂದೀರಿ, ನಾ ಇಲ್ಲೇ ನಿಂದರತೀನಿ, ಹೋಗಿ ಸ್ವಲ್ಪ ಕುಂತು ಬರ್ತೀರೇನು?"

ಮನಸ್ಸು ಎಳೆಯಿತು. ಕಾಲು ತಿರುಗಲಿಲ್ಲ. "ಬ್ಯಾಡ, ನಡಿ ತಮ್ಮಾ," ಎಂದೆ.

ಅವನು ಮುಂದೆ ನಡೆದ. ನಾನು ಒಂದು ಸಲ ಹಿಂತಿರುಗಿ ನೋಡಿದೆ. ಬಿಸಿಲು ಏರಿತ್ತು, ಗೋಡೆಗಳು ಕಲ್ಲಿನ ಕಪ್ಪು ಗೆರೆಯಷ್ಟೇ ಕಾಣುತ್ತಿದ್ದವು.

"ಇರಲಿ ಬಿಡವ್ವಾ," ಎಂದೆ. "ಇಂಡಿಯಿಂದ ಕರದ್ರ ನಿನಗ ಹೆಂಗ ಕೇಳತಿತ್ತು?"

ಯಮನಪ್ಪ ತಿರುಗಿ, "ನನಗೇನರ ಅಂದ್ರೇನ್ರಿ ಅಕ್ಕಾರ?" ಎಂದು ಕೇಳಿದ.

"ಇಲ್ಲಪಾ," ಎಂದೆ, "ನಿನಗಲ್ಲ."